ಎಚ್‌ಐವಿ ಟೆಸ್ಟ್ ಉಚಿತ, ಆದರೂ ಜನ ಯಾಕೆ ಹೋಗುತ್ತಿಲ್ಲ?

ಸರಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಟೆಸ್ಟ್ ಮಾಡಿಸಲು ಒಂದು ರೂಪಾಯಿ ಕೊಡಬೇಕಿಲ್ಲ. ಬೆರಳ ತುದಿಯಿಂದಲೋ ಕೈಯಿಂದಲೋ ಒಂದಿಷ್ಟು ರಕ್ತ ತೆಗೆಯುತ್ತಾರೆ, ಹೆಚ್ಚಿನ ಕಡೆ ಅದೇ ದಿನ ರಿಸಲ್ಟ್ ಸಿಗುತ್ತದೆ. ಪಾಸಿಟಿವ್ ಬಂದರೆ ಮಾತ್ರೆಯೂ ಉಚಿತ, ಅದೂ ಜೀವನಪೂರ್ತಿ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇಂಥ ಆಫರ್ ಬೇರೆ ಕಾಯಿಲೆಗಳಿಗೆ ಸಿಗುವುದು ಅಪರೂಪ. ಆದರೂ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ. ದೇಶದಲ್ಲಿ ಎಚ್‌ಐವಿ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತಮಗೆ ಅದು ಇದೆ ಎಂಬುದೇ ಗೊತ್ತಿಲ್ಲ ಎನ್ನುತ್ತವೆ ಇತ್ತೀಚಿನ ವರ್ಷಗಳ ಅಂದಾಜುಗಳು.

ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಉಂಟು: ಜನರಿಗೆ ಜಾಗೃತಿ ಇಲ್ಲ. ಆ ಉತ್ತರ ಅರ್ಧ ಮಾತ್ರ ಸರಿ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನಿತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಹಚ್ಚಿದ ಮೇಲೆ ಎಷ್ಟು ಬೀದಿ ನಾಟಕ, ಎಷ್ಟು ಗೋಡೆ ಬರಹ, ಎಷ್ಟು ಡಿಸೆಂಬರ್ 1ರ ಜಾಥಾ ಆಗಿಲ್ಲ? ಕೆಂಪು ರಿಬ್ಬನ್ ಶಾಲೆ ಮಕ್ಕಳಿಗೂ ಗೊತ್ತು. ಹೇಗೆ ಹರಡುತ್ತದೆ ಅಂತ ಕೇಳಿದರೆ ಎಸ್ಸೆಸ್ಸೆಲ್ಸಿ ಹುಡುಗ ನಾಲ್ಕು ಕಾರಣ ಬರೆದು ಕೊಡುತ್ತಾನೆ. ಗೊತ್ತಿದ್ದೂ ಹೋಗುವುದಿಲ್ಲ ಎಂದಮೇಲೆ ಅಡ್ಡಿ ಬೇರೆಲ್ಲೋ ಇದೆ. ಟೆಸ್ಟ್‌ಗೆ ಬಿಲ್ ಇಲ್ಲ ನಿಜ, ಆದರೆ ಅದಕ್ಕೆ ಬೆಲೆ ಇದೆ. ಆ ಬೆಲೆಯನ್ನು ಜನ ಬೇರೆ ಬೇರೆ ನಾಣ್ಯದಲ್ಲಿ ಕೊಡುತ್ತಾರೆ: ಒಬ್ಬನಿಗೆ ಒಂದು ದಿನದ ಕೂಲಿ, ಇನ್ನೊಬ್ಬನಿಗೆ ವೀಸಾ, ಮತ್ತೊಬ್ಬಳಿಗೆ ಗಂಡನ ಮನೆ.

ಈ ಬೆಲೆ ಎಷ್ಟು ಅಂತ ಲೆಕ್ಕ ಹಾಕಬೇಕಾದರೆ ನಗರ ಬಿಟ್ಟು ಗಡಿಯ ಒಂದು ಹಳ್ಳಿಗೆ ಹೋಗುವುದು ಒಳ್ಳೆಯದು. ನೇಮಕಲ್ಲು ಆಂಧ್ರದ ಅನಂತಪುರ ಜಿಲ್ಲೆಯ ಊರು, ರಾಯದುರ್ಗ ಭಾಗದ ಬೊಮ್ಮನಹಾಳ್ ಮಂಡಲದ್ದು. ಅಲ್ಲಿನ ಆಂಜನೇಯ ದೇವಸ್ಥಾನ ಪ್ರಸಿದ್ಧ. ಸುತ್ತಮುತ್ತ ಕಲ್ಲಿನ ಕ್ವಾರಿ, ಕ್ರಷರ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಹಾಗಾಗಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸರಕಾರದ ಕಾಗದ ತೆಲುಗು. ಅತ್ತ ಮಡಕಶಿರಾ ಕಡೆಯೂ ಮನೆಮಾತಿನ ಕತೆ ಇದೇ.

ಕರಾವಳಿಯವರಿಗೆ ಇದು ದೂರದ ಊರು ಅನ್ನಿಸಬಹುದು. ಆದರೆ ಮಂಗಳೂರಿನ ಲಾರಿ ಮಾಲಕರಿಗೆ, ಡ್ರೈವರ್‌ಗಳಿಗೆ ಈ ದಾರಿ ಹೊಸದಲ್ಲ. ಅದಿರಿನ ಭರಾಟೆ ಇದ್ದ ವರ್ಷಗಳಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯಿಂದ ಅದಿರು ತುಂಬಿದ ಲಾರಿಗಳು ಘಾಟಿ ಇಳಿದು ಪಣಂಬೂರಿನ ಬಂದರಿಗೆ ಬರುತ್ತಿದ್ದವು. ದೇಶವೆಲ್ಲ ಮಾತಾಡಿಕೊಂಡ ಓಬಳಾಪುರಂ ಗಣಿ ಇರುವುದು ಇದೇ ರಾಯದುರ್ಗ ಭಾಗದ ಡಿ. ಹಿರೇಹಾಳ್ ಮಂಡಲದಲ್ಲಿ. ಲಾರಿ, ಗಣಿ, ಕ್ವಾರಿ, ವಲಸೆ ಕೂಲಿ ಇರುವಲ್ಲಿ ಮನೆಯಿಂದ ತಿಂಗಳುಗಟ್ಟಲೆ ದೂರ ಇರುವ ಗಂಡಸರು ಇರುತ್ತಾರೆ. ಹಾಗಾಗಿಯೇ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಲಾರಿ ಡ್ರೈವರ್‌ಗಳಿಗೆ, ವಲಸೆ ಕಾರ್ಮಿಕರಿಗೆ ಅಂತಲೇ ಪ್ರತ್ಯೇಕ ಯೋಜನೆ ಇಟ್ಟುಕೊಂಡಿರುವುದು.

2021ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 24 ಲಕ್ಷ. ವಯಸ್ಕರಲ್ಲಿ ಪ್ರಮಾಣ ದೇಶಕ್ಕೆ ಶೇ. 0.21, ಕರ್ನಾಟಕಕ್ಕೆ ಶೇ. 0.46, ಆಂಧ್ರಕ್ಕೆ ಶೇ. 0.67. ಸಾವಿರ ಜನ ಸೇರಿದ ಒಂದು ಜಾತ್ರೆಯನ್ನೋ ಮದುವೆ ಹಾಲನ್ನೋ ಕಣ್ಣಮುಂದೆ ತಂದುಕೊಂಡರೆ ಈ ಅಂಕಿ ಅರ್ಥವಾಗುತ್ತದೆ. ದೇಶದ ಸರಾಸರಿಯಲ್ಲಿ ಅಲ್ಲಿ ಇಬ್ಬರು, ಕರ್ನಾಟಕದಲ್ಲಿ ನಾಲ್ಕೈದು, ಆಂಧ್ರದಲ್ಲಿ ಆರೇಳು ಮಂದಿ. ಸಂಖ್ಯೆ ದೊಡ್ಡದಲ್ಲ. ಆದರೆ ಆ ಆರೇಳು ಮಂದಿಯಲ್ಲಿ ಒಬ್ಬನಿಗೆ ಗೊತ್ತಿಲ್ಲದಿದ್ದರೂ ಅದು ಅವನ ಮನೆಗೆ ಹೋಗುತ್ತದೆ.

ಈಗ ಕ್ರಷರ್‌ನಲ್ಲಿ ದಿನಗೂಲಿಗೆ ದುಡಿಯುವ ಒಬ್ಬನನ್ನು ಊಹಿಸಿಕೊಳ್ಳಿ. ಮೂರು ತಿಂಗಳಿಂದ ಜ್ವರ ಬಂದು ಹೋಗುತ್ತಿದೆ, ತೂಕ ಇಳಿದಿದೆ. ಊರಿನ ಆರ್‌ಎಂಪಿ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಕಳಿಸುತ್ತಾನೆ. ಟೆಸ್ಟ್ ಮಾಡಿಸಬೇಕಾದರೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಐಸಿಟಿಸಿ ಕೋಣೆ ತೆರೆದಿರುವುದು ಕೆಲಸದ ದಿನ, ಹಗಲು ಹೊತ್ತು. ಅಂದರೆ ಆ ದಿನದ ಕೂಲಿ ಹೋಯಿತು. ಬಸ್ಸು ಚಾರ್ಜು, ಮಧ್ಯಾಹ್ನದ ಊಟ ಬೇರೆ. ಕೌನ್ಸೆಲರ್ ರಜೆಯಲ್ಲಿದ್ದರೆ, ಕಿಟ್ ಮುಗಿದಿದ್ದರೆ ಇನ್ನೊಂದು ದಿನ. ಮೇಸ್ತ್ರಿಗೆ ಎರಡು ಸಲ ಏನೆಂದು ಕಾರಣ ಹೇಳುವುದು? ಐನೂರು ರೂಪಾಯಿ ಕೂಲಿ ಎಂದು ಹಿಡಿದರೂ ‘ಉಚಿತ’ ಟೆಸ್ಟ್‌ಗೆ ಸಾವಿರ ದಾಟಿತು. ಮೈಯಲ್ಲಿ ಶಕ್ತಿ ಇರುವ ತನಕ ಆತ ಹೋಗುವುದಿಲ್ಲ. ಶಕ್ತಿ ಹೋದ ಮೇಲೆ ಹೋಗುತ್ತಾನೆ, ಆಗ ಟಿಬಿಯೂ ಜೊತೆಗಿರುತ್ತದೆ. ಎಚ್‌ಐವಿ ಇರುವವರನ್ನು ನಮ್ಮ ದೇಶದಲ್ಲಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಟಿಬಿಯೇ. ಟಿಬಿ ಪತ್ತೆಯಾದವರಿಗೆಲ್ಲ ಎಚ್‌ಐವಿ ಟೆಸ್ಟ್ ಮಾಡುವ ಪದ್ಧತಿ ಬಂದಿರುವುದೂ ಅದಕ್ಕೇ.

ಹಣದ ಲೆಕ್ಕ ಇಲ್ಲಿಗೆ ಮುಗಿಯಿತು. ಅದಕ್ಕಿಂತ ಭಾರಿ ಲೆಕ್ಕ ಆಸ್ಪತ್ರೆಯ ಕಾರಿಡಾರ್‌ನಲ್ಲಿದೆ.

ಸಣ್ಣ ಪಟ್ಟಣದ ಆಸ್ಪತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಪರಿಚಯದವರು ಸಿಗದೇ ಇರುವುದೇ ಇಲ್ಲ. ಚೀಟಿ ಬರೆಯುವವಳು ಅತ್ತಿಗೆಯ ತಂಗಿ, ಲ್ಯಾಬಿನವನು ಶಾಲೆಯಲ್ಲಿ ಜೊತೆಗೆ ಓದಿದವನು, ಆಶಾ ಕಾರ್ಯಕರ್ತೆ ಅದೇ ಓಣಿಯವಳು. ಐಸಿಟಿಸಿ ಕೋಣೆಯ ಹೊರಗೆ ಬೋರ್ಡು, ಬೋರ್ಡಿನ ಮೇಲೆ ಕೆಂಪು ರಿಬ್ಬನ್, ಅದರ ಕೆಳಗೆ ಬೆಂಚು. ಕಣ್ಣಿನ ಡಾಕ್ಟರಿಗೆ ಕಾಯುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ಬೆಂಚಿನಲ್ಲಿ ಕೂತವನನ್ನು ಎಲ್ಲರೂ ನೋಡುತ್ತಾರೆ. ‘ಅವ ಅಲ್ಲಿ ಯಾಕೆ ಕೂತಿದ್ದ?’ ಎಂಬ ಪ್ರಶ್ನೆ ಅವನಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರುತ್ತದೆ. ರಿಸಲ್ಟ್ ನೆಗೆಟಿವ್ ಬಂದರೂ ಆ ಪ್ರಶ್ನೆ ಹೋಗುವುದಿಲ್ಲ, ಯಾಕೆಂದರೆ ಟೆಸ್ಟ್ ಮಾಡಿಸಿದ್ದೇ ಒಂದು ಒಪ್ಪಿಗೆಯಂತೆ ಕಾಣುತ್ತದೆ. ಕಳ್ಳತನ ಮಾಡದವನು ಪೊಲೀಸ್ ಸ್ಟೇಷನ್‌ಗೆ ಯಾಕೆ ಹೋದ ಎಂದು ಕೇಳುವ ಊರು ಇದನ್ನೂ ಕೇಳುತ್ತದೆ.

ಗರ್ಭಿಣಿಯರ ತಪಾಸಣೆ, ಸಕ್ಕರೆ ಕಾಯಿಲೆ, ಬಿಪಿ ಎಲ್ಲ ನೋಡುವ ಕೋಣೆಯ ಪಕ್ಕದಲ್ಲೇ, ಒಂದೇ ಸಾಲಿನಲ್ಲಿ ಎಚ್‌ಐವಿ ಟೆಸ್ಟ್ ಕೂಡ ಆಗುವಂತೆ ಮಾಡಿದರೆ ಈ ಬೆಲೆಯ ದೊಡ್ಡ ಪಾಲು ಕಡಿಮೆಯಾಗುತ್ತದೆ. ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗ ಬೆರಳು ಚುಚ್ಚಿ ಮಾಡುವ ಪ್ರಾಥಮಿಕ ಟೆಸ್ಟ್ ಸಿಗುತ್ತದೆ. ಅಲ್ಲಿ ಸಂಶಯ ಬಂದವರನ್ನು ಮಾತ್ರ ಐಸಿಟಿಸಿಗೆ ಕಳಿಸಿ ಖಚಿತಪಡಿಸುತ್ತಾರೆ. ಒಂದೇ ಟೆಸ್ಟ್ ನೋಡಿ ಯಾರಿಗೂ ಪಾಸಿಟಿವ್ ಅನ್ನುವುದಿಲ್ಲ, ಬೇರೆ ಬೇರೆ ವಿಧಾನದ ಮೂರು ಟೆಸ್ಟ್‌ಗಳೂ ಹೌದು ಅನ್ನಬೇಕು.

ಇದೇ ಕಾರಣಕ್ಕೆ ಗಡಿಯವರಿಗೆ ಒಂದು ಅನುಕೂಲವೂ ಉಂಟು. ರಾಯದುರ್ಗದಲ್ಲಿ ಮುಖ ತೋರಿಸಲು ಆಗದವನು ಬಳ್ಳಾರಿಗೆ ಹೋಗಬಹುದು. ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಅವನು ಸಾವಿರದಲ್ಲಿ ಒಬ್ಬ, ಯಾರೂ ಗುರುತು ಹಿಡಿಯುವುದಿಲ್ಲ. ಮಾತಾಡುವುದೂ ಕನ್ನಡದಲ್ಲಿ. ಟೆಸ್ಟ್ ಮಾಡಿಸಲು ಆ ರಾಜ್ಯದವನೇ ಆಗಬೇಕು, ಆ ತಾಲೂಕಿನವನೇ ಆಗಬೇಕು ಎಂಬ ನಿಯಮ ಇಲ್ಲ. ಭಾಷೆಯ ವಿಷಯ ಸಣ್ಣದು ಅಂತ ಅನ್ನಿಸಬಹುದು. ಆದರೆ ‘ಎಷ್ಟು ಜನರ ಜೊತೆ ಸಂಬಂಧ ಇತ್ತು’ ಎಂಬ ಪ್ರಶ್ನೆಗೆ ಅಮ್ಮನ ಭಾಷೆಯಲ್ಲೇ ಉತ್ತರ ಕೊಡುವುದು ಕಷ್ಟ, ಅರ್ಧಂಬರ್ಧ ಬರುವ ಭಾಷೆಯಲ್ಲಿ ಕೊಡುವುದು ಇನ್ನೂ ಕಷ್ಟ. ಹೂಂ ಹೂಂ ಅಂತ ತಲೆಯಾಡಿಸಿ ಎದ್ದು ಬಂದುಬಿಡುತ್ತಾರೆ.

ಹೆಂಗಸರ ಲೆಕ್ಕ ಬೇರೆಯೇ. ಗರ್ಭಿಣಿಯಾದಾಗ ರಕ್ತ ಪರೀಕ್ಷೆಗಳ ಜೊತೆ ಎಚ್‌ಐವಿ ಟೆಸ್ಟ್ ಕೂಡ ಆಗುತ್ತದೆ. ಇದು ಒಳ್ಳೆಯದೇ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45ರವರೆಗೆ ಇರುತ್ತದೆ, ಸಮಯಕ್ಕೆ ಮಾತ್ರೆ ತೆಗೆದುಕೊಂಡರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಇದರಿಂದ ಒಂದು ಅನ್ಯಾಯವೂ ಹುಟ್ಟಿಕೊಂಡಿದೆ. ಮನೆಯಲ್ಲಿ ಮೊದಲು ಟೆಸ್ಟ್ ಆಗುವುದು ಅವಳದ್ದು. ಕಾಗದ ಮೊದಲು ಅವಳ ಕೈಗೆ ಬರುತ್ತದೆ, ಆದ್ದರಿಂದ ರೋಗ ತಂದವಳೂ ಅವಳೇ ಅಂತ ಅತ್ತೆ ಮನೆಯಲ್ಲಿ ತೀರ್ಪಾಗುತ್ತದೆ. ಗಂಡನಿಗೆ ಟೆಸ್ಟ್ ಮಾಡಿಸಿ ಅಂದರೆ ‘ನನಗೇನಾಗಿದೆ?’ ಅನ್ನುತ್ತಾನೆ. ಅವನು ಹೋಗದಿದ್ದರೆ ತೀರ್ಪು ಹಾಗೇ ಉಳಿಯುತ್ತದೆ.

ಅನಂತಪುರ ಸೀಮೆಯಲ್ಲೇ ಇದಕ್ಕೆ ದಾಖಲೆ ಉಂಟು. 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರಕ್ಕೆ ಬಂದು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ (ಜನ ಆರ್‌ಡಿಟಿ ಅಂತಲೇ ಕರೆಯುತ್ತಾರೆ) ಬತ್ತಲಪಲ್ಲಿಯಲ್ಲಿ ಆಸ್ಪತ್ರೆ ನಡೆಸುತ್ತದೆ. ಜಿಲ್ಲೆಯ ಹಳ್ಳಿಗಳ ಎಚ್‌ಐವಿ ರೋಗಿಗಳು ವರ್ಷಗಳಿಂದ ಅಲ್ಲಿ ಚಿಕಿತ್ಸೆ ಪಡೆದಿದ್ದಾರೆ. ಅವರ ದಾಖಲೆಗಳನ್ನು ಆಧರಿಸಿ 2012ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳಲ್ಲಿ ಗಂಡಸರು ಹೆಂಗಸರಿಗಿಂತ ತಡವಾಗಿ, ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವುದು ಕಂಡುಬಂದಿದೆ. ಹೆಂಗಸರು ಬೇಗ ಪತ್ತೆಯಾಗಲು ಬಸಿರಿನ ತಪಾಸಣೆ ಒಂದು ದೊಡ್ಡ ಕಾರಣ. ಅಂದರೆ ಧೈರ್ಯ ಜಾಸ್ತಿ ಅಂತ ಅಲ್ಲ, ಅವರಿಗೆ ದಾರಿ ಒಂದು ಇದೆ, ಗಂಡಸರಿಗೆ ಅಂಥ ದಾರಿ ಇಲ್ಲ. ಗಂಡಸು ಆಸ್ಪತ್ರೆಯ ಬಾಗಿಲು ನೋಡುವುದು ಬಿದ್ದು ಕಾಲು ಮುರಿದಾಗ ಮಾತ್ರ.

ಹಾಗಾದರೆ ಕರಾವಳಿಯಲ್ಲಿ? ಇಲ್ಲಿಯ ಮನೆಗಳಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಮಾತು ‘ನಮ್ಮವರಿಗೆಲ್ಲ ಅದು ಯಾಕೆ ಮಾರಾಯ್ರೇ’ ಎಂಬುದು. ವೈರಸ್‌ಗೆ ಜಮಾಅತ್ ಗೊತ್ತಿಲ್ಲ. ಕೆಟ್ಟ ಚಾಳಿ ಇರುವವರಿಗೆ ಮಾತ್ರ ಬರುತ್ತದೆ ಎಂದುಕೊಂಡರೆ, ಗಂಡನಿಂದ ಸೋಂಕು ಪಡೆದ ಹೆಂಡತಿಯನ್ನು, ತಾಯಿಯಿಂದ ಪಡೆದ ಮಗುವನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಆ ಮಾತಿನಿಂದ ಆಗುವ ನಷ್ಟ ಏನೆಂದರೆ, ಸಂಶಯ ಇರುವ ಒಬ್ಬ ಹುಡುಗ ಮನೆಯಲ್ಲಿ, ಗೆಳೆಯರಲ್ಲಿ ಬಾಯಿ ಬಿಡದಂತೆ ಅದು ಬೀಗ ಹಾಕಿಬಿಡುತ್ತದೆ.

ಬ್ಯಾರಿ ಯುವಕರಲ್ಲಿ ಎಷ್ಟೋ ಮಂದಿ ಜೀವನದ ಮೊದಲ ಎಚ್‌ಐವಿ ಟೆಸ್ಟ್ ಮಾಡಿಸುವುದು ಗಲ್ಫ್ ಮೆಡಿಕಲ್‌ನಲ್ಲಿ. ಹಿಂದೆ ಗಾಮ್ಕಾ ಅಂತ ಕರೆಯುತ್ತಿದ್ದರು, ಈಗ ವಾಫಿದ್. ಎಕ್ಸ್‌ರೇ, ಹೆಪಟೈಟಿಸ್, ಎಚ್‌ಐವಿ ಎಲ್ಲ ಒಟ್ಟಿಗೆ. ಫಿಟ್ ಬಂದರೆ ವಿಮಾನ, ಅನ್‌ಫಿಟ್ ಬಂದರೆ ಮನೆ. ಸೌದಿ, ಯುಎಇ, ಕುವೈತ್, ಕತಾರ್ ಮುಂತಾದ ದೇಶಗಳಲ್ಲಿ ಎಚ್‌ಐವಿ ಇರುವ ವಿದೇಶಿ ಕಾರ್ಮಿಕನಿಗೆ ರೆಸಿಡೆನ್ಸಿ ಸಿಗುವುದಿಲ್ಲ. ಅಲ್ಲಿ ಹೋದ ಮೇಲೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಹೀಗಾಗಿ ಈ ಟೆಸ್ಟ್ ಎಂದರೆ ಆರೋಗ್ಯ ನೋಡಿಕೊಳ್ಳುವುದು ಎಂಬ ಅರ್ಥವೇ ನಮ್ಮ ಹುಡುಗರ ತಲೆಯಲ್ಲಿ ಇಲ್ಲ. ಅದು ಪಾಸು ಫೇಲಿನ ಪರೀಕ್ಷೆ. ಫೇಲಾಗುವ ಸಂಶಯ ಇದ್ದವನು ಪರೀಕ್ಷೆಗೆ ತಾನಾಗಿ ಕೂರುತ್ತಾನಾ?

ರಜೆಯಲ್ಲಿ ಊರಿಗೆ ಬಂದವನ ಲೆಕ್ಕ ಇನ್ನೂ ಬಿಗಿ. ಇಲ್ಲಿ ಟೆಸ್ಟ್ ಮಾಡಿಸಿ ಪಾಸಿಟಿವ್ ಬಂದರೆ ಕೆಲಸ ಹೋಯಿತು, ಮನೆಯ ಸಾಲ, ತಂಗಿಯ ಮದುವೆ ಎಲ್ಲ ನಿಂತಿತು ಅಂತ ಅವನ ಎಣಿಕೆ. ಮಾಡಿಸದಿದ್ದರೆ ಇಕಾಮಾ ರಿನ್ಯೂವಲ್‌ವರೆಗಾದರೂ ಸಂಬಳ ಉಂಟು. ಈ ಲೆಕ್ಕದಲ್ಲಿ ಎರಡು ತಪ್ಪಿವೆ. ಒಂದು, ಇಲ್ಲಿನ ಐಸಿಟಿಸಿಯ ರಿಸಲ್ಟ್ ಗುಟ್ಟಿನದ್ದು, ಅದನ್ನು ಅವನ ಕಂಪೆನಿಗೋ ಇನ್ನಾರಿಗೋ ಕೊಡಲು ಕಾನೂನು ಬಿಡುವುದಿಲ್ಲ. ಎರಡು, ಮಾತ್ರೆ ಇಲ್ಲದೆ ಕಳೆದ ವರ್ಷಗಳಲ್ಲಿ ವೈರಸ್ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ, ರಜೆಯಲ್ಲಿ ಮನೆಗೆ ಬಂದಾಗ ಹೆಂಡತಿಗೂ ದಾಟಬಹುದು. ಕೆಲಸ ಹೋಗುವ ಭಯ ಸುಳ್ಳಲ್ಲ, ಅದನ್ನು ಸುಳ್ಳು ಎಂದು ಹೇಳುವ ಕೌನ್ಸೆಲಿಂಗ್ ಯಾರಿಗೂ ಉಪಯೋಗವಿಲ್ಲ. ಕೆಲಸ ಹೋದರೂ ಬದುಕು ಹೋಗುವುದಿಲ್ಲ ಎಂದು ಧೈರ್ಯ ಹೇಳುವ ಒಬ್ಬ ಕಾಕನೋ ಅಣ್ಣನೋ ಮನೆಯಲ್ಲಿದ್ದರೆ ಅರ್ಧ ಕೆಲಸ ಆಯಿತು. ಅನ್‌ಫಿಟ್ ಚೀಟಿ ಹಿಡಿದು ಬಂದವನೂ ಅಷ್ಟಕ್ಕೇ ಮನೆಯಲ್ಲಿ ಬಾಗಿಲು ಹಾಕಿ ಕೂರಬಾರದು. ಕಾರಣ ಕೇಳಬೇಕು. ಎಚ್‌ಐವಿ ಅಂತಾದರೆ ಐಸಿಟಿಸಿಗೆ ಹೋಗಿ ಖಚಿತಪಡಿಸಿಕೊಳ್ಳಬೇಕು.

ಇನ್ನು ರಕ್ತದಾನ. ಈ ವಿಷಯದಲ್ಲಿ ಕರಾವಳಿಯ ಯುವ ಸಂಘಟನೆಗಳ ಹೆಸರು ದೊಡ್ಡದು, ಶಿಬಿರ ಇಲ್ಲದ ಭಾನುವಾರ ಕಡಿಮೆ. ದಾನ ಬಂದ ಪ್ರತಿ ಬಾಟಲಿ ರಕ್ತಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಇದು ಗೊತ್ತಿರುವ ಕೆಲವರು ‘ರಕ್ತ ಕೊಟ್ಟರೆ ಟೆಸ್ಟೂ ಆಯ್ತು, ಐಸಿಟಿಸಿಯ ಬೆಂಚೂ ತಪ್ಪಿತು’ ಎಂದು ಲೆಕ್ಕ ಹಾಕುತ್ತಾರೆ. ಇದು ಅಪಾಯದ ಲೆಕ್ಕ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಟೆಸ್ಟ್‌ನಲ್ಲಿ ಅದು ಕಾಣದೇ ಇರಬಹುದು. ಇದಕ್ಕೆ ವಿಂಡೋ ಪೀರಿಯಡ್ ಅನ್ನುತ್ತಾರೆ, ಸಾಮಾನ್ಯ ರ‍್ಯಾಪಿಡ್ ಟೆಸ್ಟ್‌ಗೆ ಮೂರು ತಿಂಗಳವರೆಗೆ ಹಿಡಿಯುವುದು ವಾಡಿಕೆ. ಆ ಅವಧಿಯ ರಕ್ತ ಪರೀಕ್ಷೆಯಲ್ಲಿ ಪಾಸಾಗಿ, ಆಪರೇಷನ್ ಥಿಯೇಟರ್‌ನಲ್ಲಿ ಮಲಗಿರುವ ಯಾರೋ ಅಮಾಯಕನ ಮೈ ಸೇರಬಹುದು. ಸಂಶಯ ಇರುವವನು ಶಿಬಿರದ ಫಾರಂನಲ್ಲಿ ನಿಜ ಬರೆಯಬೇಕು, ಇಲ್ಲವೇ ಏನೋ ನೆಪ ಹೇಳಿ ಅಂದು ರಕ್ತ ಕೊಡದೆ ಮನೆಗೆ ಹೋಗಬೇಕು. ಗೆಳೆಯರೆಲ್ಲ ಸಾಲಾಗಿ ಮಲಗಿರುವಾಗ ಒಬ್ಬನೇ ಎದ್ದು ಹೋಗುವುದು ಸುಲಭವಲ್ಲ. ಶಿಬಿರ ಮಾಡುವವರು ಫಾರಂ ತುಂಬುವ ಜಾಗವನ್ನಾದರೂ ಸ್ವಲ್ಪ ಮರೆಯಲ್ಲಿ ಇಟ್ಟರೆ ಒಳ್ಳೆಯದು.

ಜನರ ಭಯ ಗಾಳಿಯಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ರಕ್ತದಾನದ್ದೇ ಎರಡು ಕತೆಗಳಿವೆ. ಗೋವಾದ ಡೊಮಿನಿಕ್ ಡಿಸೋಜ ನಿಯಮಿತವಾಗಿ ರಕ್ತ ಕೊಡುತ್ತಿದ್ದ ಯುವಕ. 1989ರಲ್ಲಿ ಅವರ ರಕ್ತದಲ್ಲಿ ಎಚ್‌ಐವಿ ಕಂಡುಬಂತು. ಪೊಲೀಸರು ಕರೆದೊಯ್ದರು, ಆಗಿನ ಗೋವಾ ಕಾನೂನಿನಡಿ ಹಳೆಯ ಟಿಬಿ ಆಸ್ಪತ್ರೆಯಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವರ ತಾಯಿ ಲೂಸಿ ಹೈಕೋರ್ಟಿಗೆ ಹೋದರು. ಕೂಡಿಹಾಕಲು ಅವಕಾಶ ಕೊಡುವ ಕಾನೂನನ್ನು ಕೋರ್ಟು ಎತ್ತಿಹಿಡಿಯಿತು. ಡೊಮಿನಿಕ್ ಆಮೇಲೆ ಇದೇ ವಿಷಯದ ಹೋರಾಟಕ್ಕಿಳಿದರು, 1992ರಲ್ಲಿ ತೀರಿಕೊಂಡರು. ‘ಮೈ ಬ್ರದರ್ ನಿಖಿಲ್’ ಎಂಬ 2005ರ ಹಿಂದಿ ಸಿನಿಮಾಕ್ಕೆ ಅವರ ಬದುಕೇ ಪ್ರೇರಣೆ.

ಇನ್ನೊಂದು, ಕಾನೂನು ಪುಸ್ತಕಗಳಲ್ಲಿ ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್’ ಎಂದೇ ಇರುವ ಪ್ರಕರಣ. ನಾಗಾಲ್ಯಾಂಡ್‌ನ ಒಬ್ಬ ವೈದ್ಯ 1995ರಲ್ಲಿ ಸಂಬಂಧಿಕರ ಆಪರೇಷನ್‌ಗೆಂದು ಚೆನ್ನೈಗೆ ಬಂದು ರಕ್ತ ಕೊಟ್ಟರು. ಎಚ್‌ಐವಿ ಇರುವುದು ಗೊತ್ತಾಯಿತು, ವಿಷಯ ಹೊರಗೆ ಬಂತು, ಗೊತ್ತಾಗಿದ್ದ ಮದುವೆ ಮುರಿಯಿತು, ಊರು ಬಿಡಬೇಕಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅವರ ದೂರನ್ನು ಒಪ್ಪಲಿಲ್ಲ, ಇಂಥವರ ಮದುವೆಯಾಗುವ ಹಕ್ಕಿನ ಬಗ್ಗೆಯೇ ಖಾರವಾಗಿ ಹೇಳಿತು. ಮದುವೆಯ ಬಗ್ಗೆ ಹೇಳಿದ್ದ ಮಾತುಗಳು ಆ ಪ್ರಕರಣಕ್ಕೆ ಬೇಕಿರಲಿಲ್ಲ ಎಂದು 2002ರಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿತು. ಮದುಮಗಳ ಕಡೆಯವರ ಆತಂಕವೂ ನ್ಯಾಯವಾದದ್ದೇ, ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ವೈದ್ಯನಾಗಿದ್ದವನ ಗತಿಯೇ ಹೀಗಾದರೆ ಕ್ರಷರ್ ಕೂಲಿಯವನು ಹೆದರುವುದರಲ್ಲಿ ಆಶ್ಚರ್ಯ ಏನಿದೆ?

ಮದುವೆ ಅಂದ ಮೇಲೆ ಒಂದು ಮಾತು. ನಿಖಾಹ್‌ಗೆ ಮುಂಚೆ ಎಚ್‌ಐವಿ ಸರ್ಟಿಫಿಕೇಟ್ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕೇಳಲು ಚೆನ್ನಾಗಿದೆ, ಕೆಲಸಕ್ಕೆ ಬರುವುದಿಲ್ಲ. ವಿಂಡೋ ಪೀರಿಯಡ್‌ನಲ್ಲಿ ತೆಗೆದ ನೆಗೆಟಿವ್ ಸರ್ಟಿಫಿಕೇಟ್ ಸುಳ್ಳು ಧೈರ್ಯ ಕೊಡುತ್ತದೆ. ಮದುವೆಯ ಮರುದಿನದಿಂದ ಅದಕ್ಕೆ ಬೆಲೆಯೂ ಇಲ್ಲ. ಕಡ್ಡಾಯ ಎಂದ ಕೂಡಲೇ ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಸಿಗುವ ಅಂಗಡಿಯೂ ತೆರೆಯುತ್ತದೆ. ಕಮಿಟಿಯ ಟೇಬಲ್ ಮೇಲೆ ಬಂದ ಕಾಗದ ಗುಟ್ಟಾಗಿ ಉಳಿಯುವುದೂ ಅಷ್ಟರಲ್ಲೇ ಇದೆ. ಹುಡುಗ ಹುಡುಗಿ ಇಬ್ಬರೂ ತಾವಾಗಿ ಟೆಸ್ಟ್ ಮಾಡಿಸಿ, ರಿಸಲ್ಟ್ ಅವರವರ ಕೈಯಲ್ಲೇ ಇಟ್ಟುಕೊಂಡು ಪರಸ್ಪರ ಹೇಳಿಕೊಳ್ಳುವುದು ಬೇರೆ ಮಾತು. ಅದನ್ನು ಮನೆಯ ಹಿರಿಯರು ಪ್ರೋತ್ಸಾಹಿಸಬಹುದು.

ಈಗ ಕಾನೂನು ಮೊದಲಿನಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರಕ್ತ ಮತ್ತು ಅಂಗ ದಾನ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ಆಪರೇಷನ್‌ಗೆ ಮುಂಚೆ ಹೇಳದೆ ಕೇಳದೆ ಟೆಸ್ಟ್ ಮಾಡಿ, ಫೈಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆಂಪಕ್ಷರದಲ್ಲಿ ಬರೆಯುವುದೂ ನಡೆಯುವುದಿಲ್ಲ. ಒಪ್ಪಿಗೆ ಇಲ್ಲದೆ ವಿಷಯ ಬಯಲು ಮಾಡುವಂತಿಲ್ಲ. ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ, ಇನ್ಶೂರೆನ್ಸ್‌ಗಳಲ್ಲಿ ಅನ್ಯಾಯವಾಗಿ ಭೇದ ಮಾಡುವಂತಿಲ್ಲ. ಪ್ರತಿ ರಾಜ್ಯದಲ್ಲೂ ದೂರು ಕೇಳಲು ಒಂಬುಡ್ಸ್‌ಮನ್ ಇರಬೇಕು ಎಂದೂ ಕಾಯ್ದೆ ಹೇಳುತ್ತದೆ. ಸಂಗಾತಿಗೆ ತಿಳಿಸುವ ಅಗತ್ಯ ಬಿದ್ದರೆ ಅದಕ್ಕೂ ಕ್ರಮ ಇದೆ. ಮೊದಲು ಆ ವ್ಯಕ್ತಿಗೇ ಕೌನ್ಸೆಲಿಂಗ್, ಆತನೇ ಹೇಳಲಿ ಎಂದು ಅವಕಾಶ, ಅದಾಗದಿದ್ದರೆ ಡಾಕ್ಟರ್ ಅಥವಾ ಕೌನ್ಸೆಲರ್ ನೇರವಾಗಿ ಸಂಗಾತಿಗೆ ತಿಳಿಸಬಹುದು. ಅತ್ತೆಗೋ ಮಾವನಿಗೋ ಅಲ್ಲ. ಪುಸ್ತಕದಲ್ಲಿರುವ ಕಾನೂನು ಲ್ಯಾಬಿನ ಹುಡುಗನ ಬಾಯಿಗೆ ಬೀಗ ಹಾಕುತ್ತದಾ ಎಂಬುದು ಬೇರೆ ಪ್ರಶ್ನೆ. ಆದರೆ ಆ ಹುಡುಗನಿಗೆ ಎದುರು ನಿಂತು ‘ಇದಕ್ಕೆ ಕೇಸು ಬೀಳುತ್ತದೆ’ ಎಂದು ಹೇಳಲು ಈಗ ಒಂದು ಆಧಾರ ಇದೆ, 1989ರಲ್ಲಿ ಅದು ಇರಲಿಲ್ಲ.

ಎಲ್ಲಕ್ಕಿಂತ ಹಳೆಯ ಅಡ್ಡಿ ಒಂದು ಉಳಿಯಿತು. ‘ಗೊತ್ತಾಗಿ ಏನು ಪ್ರಯೋಜನ, ಹೇಗೂ ಸಾಯುವುದೇ ಅಲ್ವಾ?’ ತೊಂಬತ್ತರ ದಶಕದಲ್ಲಿ ತಲೆಬುರುಡೆ ಹಾಕಿ ಹೆದರಿಸಿದ ಪೋಸ್ಟರ್‌ಗಳ ಕೊಡುಗೆ ಇದು. ಆಗ ಅದು ನಿಜವೂ ಆಗಿತ್ತು. 2004ರ ಏಪ್ರಿಲ್ 1ರಿಂದ ಸರಕಾರ ಉಚಿತ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿತು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕ, ಆಂಧ್ರ ಎರಡೂ ಇದ್ದವು. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಬಂದವರಿಗೆಲ್ಲ ತಡಮಾಡದೆ ಚಿಕಿತ್ಸೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಟಿಎಲ್‌ಡಿ ಅಂತ ಹೆಸರು, ಮೂರು ಔಷಧಿ ಒಂದರಲ್ಲೇ. ಬೇಗ ಶುರು ಮಾಡಿ ತಪ್ಪದೆ ತೆಗೆದುಕೊಂಡವರು ಬೇರೆಯವರಷ್ಟೇ ಕಾಲ ಬದುಕುತ್ತಾರೆ, ದುಡಿಯುತ್ತಾರೆ. ವೈರಲ್ ಲೋಡ್ ಟೆಸ್ಟ್‌ನಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದರೆ ಅವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಾತ್‌ರೂಮ್ ಬಳಸಿದರೆ, ಸೊಳ್ಳೆ ಕಚ್ಚಿದರೆ ಮೊದಲೂ ಹರಡುತ್ತಿರಲಿಲ್ಲ.

ತಡಮಾಡಲೇಬಾರದ ಒಂದು ಸಂದರ್ಭ ಇದೆ. ಸೋಂಕಿತ ಸೂಜಿ ಚುಚ್ಚಿದ್ದೋ ಬಲಾತ್ಕಾರವೋ ಆಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ಸೇರಬೇಕು. 28 ದಿನದ ಪಿಇಪಿ ಮಾತ್ರೆಯಿಂದ ಸೋಂಕು ತಡೆಯುವ ಅವಕಾಶ ಇರುತ್ತದೆ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಬೆಂಚಿನ ಭಯ ಇರುವವರಿಗೆ ಮೊದಲ ಹೆಜ್ಜೆಗೆ ಫೋನ್ ಸಾಕು. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ದುಡ್ಡಿಲ್ಲ, ಎಲ್ಲಿ ಟೆಸ್ಟ್ ಮಾಡಿಸಬಹುದು ಎಂದು ಅಲ್ಲೇ ತಿಳಿಯುತ್ತದೆ. ಮಂಗಳೂರಿನಲ್ಲಾದರೆ ವೆನ್ಲಾಕ್ ಆಸ್ಪತ್ರೆಯಲ್ಲಿ ಟೆಸ್ಟ್ ಮತ್ತು ಎಆರ್‌ಟಿ ಎರಡೂ ಇವೆ. ಊರಿನವರ ಕಣ್ಣು ತಪ್ಪಿಸಬೇಕೆಂದರೆ ಉಡುಪಿಗೆ ಹೋದರೂ ನಡೆಯುತ್ತದೆ, ಹೇಗೆ ನೇಮಕಲ್ಲಿನವನು ಬಳ್ಳಾರಿಗೆ ಹೋಗಬಹುದೋ ಹಾಗೆ. ಮಾತ್ರೆ ಶುರುವಾದ ಮೇಲೆ ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳದ್ದನ್ನು ಒಟ್ಟಿಗೆ ಕೊಡುವುದೂ ಉಂಟು. ಕೆಲಸ ಬದಲಾಗಿ ಊರು ಬಿಟ್ಟರೆ ಒಂದು ಎಆರ್‌ಟಿ ಕೇಂದ್ರದಿಂದ ಇನ್ನೊಂದಕ್ಕೆ, ರಾಜ್ಯ ಬೇರೆಯಾದರೂ, ಹೆಸರನ್ನು ವರ್ಗಾಯಿಸಿಕೊಡುತ್ತಾರೆ. ಬಳ್ಳಾರಿಯಲ್ಲಿ ಚಿಕಿತ್ಸೆ ಶುರು ಮಾಡಿದ ಲಾರಿ ಡ್ರೈವರ್ ಪಣಂಬೂರಿಗೆ ಬಂದು ನೆಲೆಸಿದರೆ ಆ ವರ್ಗಾವಣೆ ಚೀಟಿ ಹಿಡಿದು ವೆನ್ಲಾಕ್‌ನಲ್ಲೇ ಮಾತ್ರೆ ಪಡೆಯಬಹುದು.